ಪುಸ್ತಕ ಕೂಡಿಸಿದ ಪೋಪ್

ಮಾನ್ಯ ಓದುಗರೇ,

ಕಳೆದ ಸಂಚಿಕೆಯ ಲೇಖನವು ವ್ಯಾಟಿಕನ್ ಗ್ರಂಥಾಲಯದ ಸ್ಥಾಪಕನೆಂದು ಒಂದೆಡೆ ನಾಲ್ಕನೆಯ ಸಿಕ್ಸ್ಟಸ್‌ನನ್ನೂ ಮತ್ತೊಂದೆಡೆ ಐದನೆಯ ನಿಕೋಲಸ್‌ನನ್ನೂ ಹೆಸರಿಸಿರುವುದನ್ನು ತಾವು ಎತ್ತಿ ತೋರಿಸಿ, ಪೋಪರ ವಿದ್ಯಾಪೋಷಣೆ ಬರಿಯ ಆಡಂಬರವಲ್ಲವೇ ಎಂದೂ ಕೇಳಿದ್ದೀರಿ.

ಮೊದಲನೆಯದು ಕರಡು ತಿದ್ದುವಾಗ ನಮ್ಮ ಕಣ್ತಪ್ಪಿದ ದೋಷ. 1475ರಲ್ಲಿ ಆಜ್ಞಾಪತ್ರ ಹೊರಡಿಸಿ ಗ್ರಂಥಾಲಯಕ್ಕೆ ವಿಧಿವತ್ತಾದ ರೂಪ ಕೊಟ್ಟವನು ಸಿಕ್ಸ್ಟಸ್. ಆದರೆ 1447ರಿಂದ 1455ರವರೆಗೆ ಪೋಪ್ ಆಗಿದ್ದ ನಿಕೋಲಸ್ ತೀರಿಕೊಳ್ಳುವ ಹೊತ್ತಿಗೇ ಅಲ್ಲಿ ಸುಮಾರು 1,200 ಹಸ್ತಪ್ರತಿಗಳು ಸೇರಿದ್ದವು.

ಎರಡನೆಯ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರಿಸಲಾಗದು. ವೈದ್ಯನೊಬ್ಬನ ಮಗನಾಗಿ ಹುಟ್ಟಿ, ಫ್ಲಾರೆನ್ಸಿನ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕಿದ್ದ ತೊಮ್ಮಾಸೊ ಪರೆಂತುಚೆಲ್ಲಿ, ಗ್ರಂಥಾಲಯವೊಂದರಲ್ಲಿ ಯಾವ ಯಾವ ಪುಸ್ತಕಗಳಿರಬೇಕೆಂಬ ಪಟ್ಟಿಯನ್ನು ಆ ನಗರದ ಧನಿಕ ಮುಖಂಡ ಕೊಸಿಮೊ ದೆ ಮೆದಿಚಿಗಾಗಿ ಸಿದ್ಧಪಡಿಸಿಕೊಟ್ಟಿದ್ದ. ಮುಂದೆ ನಿಕೋಲಸ್ ಎಂಬ ಹೆಸರಿನಿಂದ ಪೋಪ್ ಆದವನು ಈತನೇ. ಆಡಂಬರವೊಂದೇ ಬೇಕಾಗಿದ್ದರೆ ಚಿನ್ನದ ರಟ್ಟಿನ ಪುಸ್ತಕಗಳಷ್ಟೇ ಸಾಕಾಗಿದ್ದವು. ಈತ ಅನುವಾದಕ್ಕೆ ಹಣ ಸುರಿದ: ಗ್ರೀಕ್ ಬಲ್ಲವರೇ ವಿರಳವಾಗಿದ್ದ ಪಶ್ಚಿಮ ಯೂರೋಪಿಗೆ ಪ್ರಾಚೀನ ಗ್ರೀಕ್ ಇತಿಹಾಸಕಾರರಾದ ಥುಸಿಡಿಡೀಸನನ್ನು ಲೊರೆಂಜೊ ವಲ್ಲಾ, ಪೊಲಿಬಿಯಸನನ್ನು ನಿಕೊಲೊ ಪೆರೊತ್ತಿ, ಸ್ಟ್ರಾಬೊನ ಭೂಗೋಳವನ್ನು ಗ್ವಾರಿನೊ ಲ್ಯಾಟಿನ್ನಿನಲ್ಲಿ ದೊರಕಿಸಿದ್ದು ಈತನ ಪ್ರೇರಣೆಯಿಂದಲೇ. ಇವರಲ್ಲಿ ವಲ್ಲಾನ ಸಂಗತಿ ನನಗೆ ಎಲ್ಲಕ್ಕಿಂತ ಮಿಗಿಲೆನಿಸುತ್ತದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪರಿಗೆ ಪಶ್ಚಿಮದ ಆಳ್ವಿಕೆಯನ್ನೇ ಬಿಟ್ಟುಕೊಟ್ಟನೆನ್ನುವ ದಾನಪತ್ರ ನಕಲಿಯೆಂದು, ಅದರ ಲ್ಯಾಟಿನ್ನಿನ ಹುಳುಕನ್ನೇ ಹಿಡಿದು 1440ರಲ್ಲಿ ಸಾಧಿಸಿದ್ದ ಆ ವಿದ್ವಾಂಸನನ್ನು ನಿಕೋಲಸ್ ದೂರವಿಡುವ ಬದಲು 1448ರಲ್ಲಿ ತನ್ನ ಕಾರ್ಯಾಲಯದಲ್ಲೇ ಕೆಲಸಕ್ಕೆ ಸೇರಿಸಿಕೊಂಡ.

ಹಾಗೆಂದು ತಮ್ಮ ಆಕ್ಷೇಪ ಹುಸಿಯಲ್ಲ. ಫ್ರಾ ಆಂಜೆಲಿಕೊ ಚಿತ್ರಿಸಿದ ಪುಟ್ಟ ಖಾಸಗಿ ಪ್ರಾರ್ಥನಾಮಂದಿರದ ಸೊಬಗನ್ನು ಸಾಲುಸಾಲಾಗಿ ವರ್ಣಿಸಿದ ನಮ್ಮ ಲೇಖನ, ರೋಮಿನ ಕಟ್ಟಡಗಳಿಗಾಗಿ ಕೊಲೊಸಿಯಂನಿಂದ ಗಾಡಿಗಟ್ಟಲೆ ಕಲ್ಲು ಸಾಗಿಸಿದ್ದನ್ನೂ, ನಿಕೋಲಸನ 1452 ಮತ್ತು 1455ರ ಆಜ್ಞಾಪತ್ರಗಳು ಅನ್ಯಧರ್ಮೀಯರನ್ನು ಗುಲಾಮರಾಗಿಸಲು ಪೋರ್ಚುಗಲ್ಲಿನ ಅರಸನಿಗೆ ಅನುಮತಿಯಿತ್ತದ್ದನ್ನೂ ಹೇಳದೆ ಬಿಟ್ಟಿತು. ಅದು ಕಣ್ತಪ್ಪಿಗಿಂತ ದೊಡ್ಡ ಕೊರತೆ. ವೈಭವದ ಉದ್ದೇಶವನ್ನಂತೂ ನಿಕೋಲಸ್ ಮುಚ್ಚಿಟ್ಟವನೇ ಅಲ್ಲ. ಆತನ ಜೀವನಚರಿತ್ರೆ ಬರೆದ ಜನೊಝೊ ಮನೆತ್ತಿ ದಾಖಲಿಸಿರುವಂತೆ, ಮರಣಶಯ್ಯೆಯಲ್ಲಿ ಕಾರ್ಡಿನಲ್‌ಗಳಿಗೆ ಆತ ಕೊಟ್ಟ ವಿವರಣೆಯಿದು: ಓದುಬಲ್ಲವರು ಗ್ರಂಥಗಳಿಂದಲೇ ಚರ್ಚಿನ ಹಿರಿಮೆಯನ್ನು ಅರಿಯುತ್ತಾರೆ, ಅಕ್ಷರವರಿಯದವರ ನಂಬಿಕೆ ನಿಲ್ಲಬೇಕಾದರೆ ಅವರ ಕಣ್ಣೆದುರು ಮಹಾಕಟ್ಟಡಗಳಿರಬೇಕು.

— ಸಂ.