ನೋಟಿನ ಮೇಲೊಬ್ಬ ಖೋಟಾ ಅಪರಾಧಿ

ಪ್ರಶ್ನೆ: ಫೋರ್ಟ್ ವಿಭಾಗದ ಫುಟ್‌ಪಾತಿನಲ್ಲಿ ಹಳೆಯ ನಾಣ್ಯ, ನೋಟು ಮಾರುವವರೊಬ್ಬರಿಂದ ಆಸ್ಟ್ರೇಲಿಯಾದ ಹಿಂದಿನ 10 ಡಾಲರಿನ ಕಾಗದದ ನೋಟೊಂದನ್ನು ಕೊಂಡೆ. ಅದರ ಮೇಲಿರುವಾತ ಖೋಟಾ ಕೆಲಸಕ್ಕಾಗಿ ಕರಿನೀರಿನ ಶಿಕ್ಷೆಗೆ ಗುರಿಯಾದವನೆಂದು ಅವರು ನಗುತ್ತ ಹೇಳಿದರು. ಕಳ್ಳನೋಟು ಮಾಡಿದವನ ಚಿತ್ರವನ್ನೇ ಒಂದು ಸರಕಾರ ನೋಟಿನಲ್ಲಿ ಅಚ್ಚು ಹಾಕಿಸುವುದುಂಟೇ?
– ಮಾಟುಂಗಾದ ಓದುಗರೊಬ್ಬರು, ಮುಂಬಯಿ

ಉತ್ತರ: ಮಾರಿದವರು ಹೇಳಿದ್ದು ನಿಜ, ಆದರೆ ನೀವು ಊಹಿಸಿದಂತೆ ಆತ ನೋಟಿನ ಖೋಟಾಗಾರನಲ್ಲ. ಅವನ ಹೆಸರು ಫ್ರಾನ್ಸಿಸ್ ಗ್ರೀನ್‌ವೇ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ 1777ರಲ್ಲಿ, ಕಲ್ಲುಕೆಲಸ ಮತ್ತು ಕಟ್ಟಡ ನಿರ್ಮಾಣವನ್ನೇ ಕಸುಬಾಗಿಸಿಕೊಂಡಿದ್ದ ಮನೆತನದಲ್ಲಿ ಹುಟ್ಟಿದವನು. ವ್ಯವಹಾರದಲ್ಲಿ ದಿವಾಳಿಯೆದ್ದ ಮೇಲೆ, ಕಟ್ಟಡದ ಗುತ್ತಿಗೆಯೊಂದಕ್ಕೆ ಸಂಬಂಧಿಸಿದ ಪತ್ರವನ್ನು ಖೋಟಾ ಮಾಡಿದನೆಂಬ ಆರೋಪವನ್ನು 1812ರಲ್ಲಿ ಒಪ್ಪಿಕೊಂಡನು. ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ಗಲ್ಲು ಶಿಕ್ಷೆಯಿತ್ತು. ಅದನ್ನು 14 ವರ್ಷಗಳ ದ್ವೀಪಾಂತರ ಶಿಕ್ಷೆಗೆ ಇಳಿಸಲಾಯಿತು.

1814ರ ಫೆಬ್ರವರಿಯಲ್ಲಿ ಅವನು ಸಿಡ್ನಿಗೆ ಬಂದಿಳಿದಾಗ ಅಲ್ಲಿ ಗವರ್ನರ್ ಆಗಿದ್ದವನು ಲಾಕ್ಲನ್ ಮ್ಯಾಕ್ವಾರಿ. ಇಲ್ಲಿ ನಾವು ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು: ಈ ಮ್ಯಾಕ್ವಾರಿ 1788ರಲ್ಲಿ ಸೈನ್ಯದೊಡನೆ ನಮ್ಮ ಮುಂಬಯಿಗೆ ಬಂದು, 1793ರಲ್ಲಿ ಇಲ್ಲಿಯೇ ಮದುವೆಯಾಗಿ, 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದಾಗ ಮುತ್ತಿಗೆಯ ಸೇನೆಯಲ್ಲಿದ್ದವನು. ಸಿಡ್ನಿಯನ್ನು ಬಂದೀಖಾನೆಯಂತಿರಲು ಬಿಡದೆ ಊರಾಗಿಸಬೇಕೆಂಬ ಹಂಬಲ ಅವನಿಗಿತ್ತು. ಕಟ್ಟಡದ ನಕ್ಷೆ ಬರೆಯಬಲ್ಲವರು ಮಾತ್ರ ಸಿಗುತ್ತಿರಲಿಲ್ಲ. ಆದ್ದರಿಂದ ಶಿಕ್ಷೆಯ ಅವಧಿ ಮುಗಿಯುವುದಕ್ಕೆ ಎಷ್ಟೋ ಮೊದಲೇ, 1816ರಲ್ಲಿ, ಗ್ರೀನ್‌ವೇ ದಿನಕ್ಕೆ ಮೂರು ಶಿಲಿಂಗ್ ಸಂಬಳದ ಸರಕಾರಿ ವಾಸ್ತುಶಿಲ್ಪಿಯಾದನು. ನನ್ನ ಮಟ್ಟಿಗೆ, ಇದನ್ನು ಔದಾರ್ಯವೆನ್ನುವುದಕ್ಕಿಂತ ಗರಜು ಎನ್ನುವುದೇ ಸರಿ.

ಸಿಡ್ನಿ ಬಂದರಿನ ದೀಪಸ್ತಂಭದ ಕೆಲಸ ಒಂದು ಹಂತಕ್ಕೆ ಬಂದಾಗ, 1817ರ ಕೊನೆಯಲ್ಲಿ, ಅವನಿಗೆ ಷರತ್ತಿನ ಬಿಡುಗಡೆ ದೊರೆಯಿತು. ಅದರ ಕಲ್ಲು ಮೆದುವಾಗಿದ್ದುದರಿಂದ ಸ್ತಂಭ ಕ್ರಮೇಣ ಉದುರತೊಡಗಿ, 1883ರ ಹೊತ್ತಿಗೆ ಅದೇ ರೂಪದ ಇನ್ನೊಂದನ್ನು ಪಕ್ಕದಲ್ಲಿ ಕಟ್ಟಬೇಕಾಯಿತು. 1819ರಲ್ಲಿ ತೆರೆದ ಹೈಡ್ ಪಾರ್ಕ್ ಬ್ಯಾರಕ್ಸ್ ಸುಮಾರು 600 ಕೈದಿಗಳ ವಸತಿಗೃಹ. ಕೈದಿಯೊಬ್ಬನು ಕೈದಿಗಳಿಗಾಗಿ ರೂಪಿಸಿದ ಈ ಕಟ್ಟಡವೇ ಅವನಿಗೆ ಪೂರ್ಣ ಕ್ಷಮಾದಾನವನ್ನು ತಂದುಕೊಟ್ಟಿತು. 2010ರಿಂದ ಅದು ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಸಿಡ್ನಿ ಬಳಿಯ ವಿಂಡ್ಸರ್‌ನ ಸೇಂಟ್ ಮ್ಯಾಥ್ಯೂ ಚರ್ಚು ಅವನ ಅತ್ಯುತ್ತಮ ಕೃತಿಯೆಂದು ಬಲ್ಲವರ ಮತ. ಸಿಡ್ನಿಯ ಸೇಂಟ್ ಜೇಮ್ಸ್ ಚರ್ಚನ್ನಂತೂ ಅವನು ಮೊದಲು ನ್ಯಾಯಾಲಯವೆಂದೇ ರೂಪಿಸಿದ್ದನು.

ಆದರೆ ಗೌರವವು ಕೊನೆಯವರೆಗೂ ಉಳಿಯಲಿಲ್ಲ. ಲಂಡನ್ನಿನಿಂದ ವಿಚಾರಣೆಗೆ ಬಂದ ಕಮಿಷನರ್ ಬಿಗ್ಗೆ, ಕೈದಿಗಳ ನಾಡಿನಲ್ಲಿ ಇಷ್ಟು ಕಟ್ಟಡಗಳು ದುಂದುವೆಚ್ಚವೆಂದು ವರದಿ ಮಾಡಿದನು. ಗ್ರೀನ್‌ವೇಯೂ ಜಗಳಗಂಟ; ಸಂಬಳ, ಸರಕಾರಿ ಮನೆ ಎರಡೂ ಇದ್ದರೂ ಸುಮಾರು 11,000 ಪೌಂಡುಗಳ ಪ್ರತ್ಯೇಕ ಬಿಲ್ಲನ್ನು ಸರಕಾರದ ಮುಂದಿಟ್ಟು ಮ್ಯಾಕ್ವಾರಿಯ ವಿಶ್ವಾಸವನ್ನೂ ಕಳೆದುಕೊಂಡನು. 1822ರಲ್ಲಿ ಮುಂದಿನ ಗವರ್ನರ್ ಅವನನ್ನು ಕೆಲಸದಿಂದ ತೆಗೆದನು. 1837ರಲ್ಲಿ ಬಡತನದಲ್ಲೇ ಸತ್ತ ಅವನ ಗೋರಿಗೆ ಗುರುತಿನ ಕಲ್ಲೂ ಇರಲಿಲ್ಲ.

ನಿಮ್ಮಲ್ಲಿರುವ ಮಾದರಿಯ ನೋಟು 1966ರಲ್ಲಿ, ಆಸ್ಟ್ರೇಲಿಯಾ ಡಾಲರಿಗೆ ಬದಲಾದಾಗ ಬಂದು, 1993ರಲ್ಲಿ ಪ್ಲಾಸ್ಟಿಕ್ ನೋಟಿಗೆ ಜಾಗ ಬಿಟ್ಟುಕೊಟ್ಟಿತು. ಸಂಗ್ರಹಕ್ಕೆ ಜೋಡಿ ಬೇಕಿದ್ದರೆ ಅಲ್ಲಿನ 20 ಡಾಲರಿನ ಪ್ಲಾಸ್ಟಿಕ್ ನೋಟನ್ನು ಹುಡುಕಿ. ಹದಿಹರೆಯದಲ್ಲೇ ಕುದುರೆ ಕದ್ದ ಅಪರಾಧಕ್ಕಾಗಿ 1792ರಲ್ಲಿ ಸಿಡ್ನಿ ಸೇರಿ, ಮುಂದೆ ಹಡಗುಗಳ ಒಡತಿಯಾದ ಮೇರಿ ರೀಬಿ ಅದರ ಮೇಲಿದ್ದಾಳೆ.