ಮೆಷಿನ್ ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಬರುತ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ದಂಪತಿಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಪತಿಯನ್ನು ರಾಯರು ಎಂದೂ ಅವರ ಪತ್ನಿಯನ್ನು ಅಮ್ಮ ಎಂದೂ ಕರೆಯುತ್ತೇನೆ; ನನ್ನ ಕೋಣೆಯಲ್ಲಿ ನಾನು ಅವರನ್ನು ಕರೆದದ್ದೂ ಹಾಗೆಯೇ.

ರಾಯರಿಗೆ ಅರವತ್ಮೂರು ವರ್ಷ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಮನೆ ಉಡುಪಿಯ ಸಮೀಪ. ಚಿಕಿತ್ಸೆ ಮಂಗಳೂರಿನಲ್ಲಿ, ಸುಮಾರು 60 ಕಿಲೋಮೀಟರ್ ದೂರವನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅವರನ್ನು ನನ್ನ ಬಳಿಗೆ ಕಳುಹಿಸಿದ ಚೀಟಿಯಲ್ಲಿ ‘ಚಿಕಿತ್ಸೆಗೆ ಸಹಕಾರ ಸಾಲದು’ ಎಂದು ಒಂದೇ ಸಾಲು ಇತ್ತು. ಇಂಥ ಸಾಲುಗಳನ್ನು ನಾನು ಯಾವಾಗಲೂ ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ, ಏಕೆಂದರೆ ಸಹಕರಿಸದ ರೋಗಿ ಎಂದು ಬರೆಸಿಕೊಂಡವರಲ್ಲಿ ಅನೇಕರಿಗೆ ತಾವು ಮಾಡಬೇಕಾದದ್ದೇನು ಎಂಬುದನ್ನು ಯಾರೂ ಕುಳಿತು ಹೇಳಿಯೇ ಇರುವುದಿಲ್ಲ.

ಎರಡು ವರ್ಷಗಳ ಹಿಂದೆ ನಡೆದ ಸ್ಲೀಪ್ ಸ್ಟಡಿಯಲ್ಲಿ ರಾಯರಿಗೆ ನಿದ್ರೆಯ ಉಸಿರುಕಟ್ಟುವಿಕೆ, ಅಂದರೆ ಸ್ಲೀಪ್ ಆಪ್ನಿಯಾ, ತೀವ್ರ ಮಟ್ಟದಲ್ಲಿದೆಯೆಂದು ತಿಳಿದಿತ್ತು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ಗಣನೀಯವಾಗಿ ತಗ್ಗಿದರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 5ಕ್ಕಿಂತ ಕಡಿಮೆಯಾದರೆ ಸಹಜ, 30 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ; ರಾಯರದ್ದು 42 ಇತ್ತು. ಅವರಿಗೆ ಸಿಪ್ಯಾಪ್ ಮೆಷಿನ್ ಬರೆದುಕೊಟ್ಟಿದ್ದರು. ಮೂಗಿಗೆ ಕಟ್ಟಿಕೊಂಡ ಮಾಸ್ಕಿನ ಮೂಲಕ ಅದು ಒತ್ತಡದ ಗಾಳಿಯನ್ನು ಬಿಡುತ್ತದೆ, ಆ ಗಾಳಿ ಗಂಟಲಿನ ದಾರಿ ಮುಚ್ಚದಂತೆ ತಡೆಯುತ್ತದೆ. ಮೆಷಿನ್ ಕೊಂಡಿದ್ದರು, ಮನೆಯಲ್ಲಿ ಇತ್ತು. ಆದರೆ ಎರಡು ವರ್ಷಗಳಲ್ಲಿ ಒಂದು ಸಲವೂ ಅದು ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.

ವಿಷಯ ಹೊರಬಿದ್ದದ್ದು ಬೇರೊಂದು ಕಾರಣಕ್ಕೆ. ಹೊಟ್ಟೆಯ ತೊಂದರೆಗೆಂದು ಕೊಲೊನೊಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಪರೀಕ್ಷೆ, ನಿಗದಿಯಾಗಿತ್ತು. ಬೇರೆ ಕಾಯಿಲೆಗಳೇನು ಎಂದು ಕೇಳಿದ ಫಾರ್ಮಿನಲ್ಲಿ ರಾಯರು ಬಿ.ಪಿ. ಎಂದಷ್ಟೇ ಬರೆದಿದ್ದರು. ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದ ಆಮ್ಲಜನಕದ ಪ್ರಮಾಣ ಶೇಕಡಾ 80ಕ್ಕಿಂತ ಕೆಳಗಿಳಿಯಿತು. ಅಲ್ಲಿದ್ದವರು ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದು, ಆಮ್ಲಜನಕ ಕೊಟ್ಟು, ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಹೊರಗೆ ಕುಳಿತಿದ್ದ ಅಮ್ಮನನ್ನು ಕರೆದು ವಿಚಾರಿಸಿದಾಗ ಅವರು, “ಇವರಿಗೆ ರಾತ್ರಿಗೆ ಮೆಷಿನ್ ಉಂಟು ಡಾಕ್ಟ್ರೇ, ಮನೆಯಲ್ಲಿ ಇಟ್ಟಿದ್ದಾರೆ” ಎಂದರು. ಎರಡು ದಿನಗಳ ಬಳಿಕ ಇಬ್ಬರೂ ನನ್ನೆದುರು ಕುಳಿತಿದ್ದರು.

ಮೊದಲ ಭೇಟಿಯಲ್ಲಿ ರಾಯರು ಕೇಳಿದ ಪ್ರಶ್ನೆ ನನಗೆ ನ್ಯಾಯವಾದದ್ದೇ ಎನಿಸಿತು. “ಅದು ರಾತ್ರಿ ಮಲಗುವಾಗ ಹಾಕುವಂಥದ್ದು ಮೇಡಂ. ಹಗಲು ಹೊತ್ತು ಆಸ್ಪತ್ರೆಗೆ ಹೊತ್ತುಕೊಂಡು ಬರುವುದು ಎಂತಕ್ಕೆ?” ಮಂಪರಿನ ನಿದ್ರೆಯೂ ನಿದ್ರೆಯೇ, ಅದರಲ್ಲಿ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ, ಜೊತೆಗೆ ಉಸಿರು ಕಟ್ಟಿದಾಗ ತಟ್ಟನೆ ಎಚ್ಚರಿಸುವ ಮೆದುಳಿನ ಶಕ್ತಿಯನ್ನೂ ಔಷಧಿ ತಗ್ಗಿಸುತ್ತದೆ ಎಂಬುದನ್ನು ಯಾರೂ ಅವರಿಗೆ ವಿವರಿಸಿರಲಿಲ್ಲ. ನಾನು ವೈದ್ಯೆಯಲ್ಲ, ಆದರೂ ಇಷ್ಟನ್ನು ಅವರ ವೈದ್ಯರಿಂದ ಕೇಳಿ ತಿಳಿದುಕೊಂಡು ಹೇಳಿದೆ. ರಾಯರು ತಲೆಯಾಡಿಸಿದರು. ಆದರೂ ಮುಂದಿನ ಭೇಟಿಗೆ ತರುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ತಿಳಿಯದಿದ್ದದ್ದಷ್ಟೇ ಕಾರಣವಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು.

ಮೆಷಿನ್ ಇಡುವ ಚೀಲದ ಬಗ್ಗೆ ಕೇಳಿದೆ. ಬೂದು ಬಣ್ಣದ ಚೀಲ, ನೋಡಲು ಲ್ಯಾಪ್‌ಟಾಪಿನ ಚೀಲಕ್ಕಿಂತ ಸ್ವಲ್ಪ ದಪ್ಪ. ಬಸ್ಸಿನಲ್ಲಿ ಪರಿಚಯದವರು ಸಿಕ್ಕೇ ಸಿಗುತ್ತಾರೆ, ‘ಎಂತ ರಾಯರೇ, ನಿವೃತ್ತಿಯಾದ ಮೇಲೆ ಲ್ಯಾಪ್‌ಟಾಪಾ?’ ಎಂದು ಕೇಳುತ್ತಾರೆ, ಆಗ ಏನು ಹೇಳುವುದು ಎಂದರು. ಗೊರಕೆಯ ಕಾಯಿಲೆ ಎಂದರೆ ನಗುತ್ತಾರೆ, ಉಸಿರಿನ ಮೆಷಿನ್ ಎಂದರೆ ಊರಿಡೀ ಸುದ್ದಿಯಾಗುತ್ತದೆ. ಅಷ್ಟರಲ್ಲಿ ಅಮ್ಮ ಮಧ್ಯೆ ಮಾತಾಡಿದರು: “ಚೀಲ ಅಲ್ಲ ಮೇಡಂ. ಇವರ ಅಣ್ಣನ ವಿಷಯ ಹೇಳಿ ಅಂತ ನಾನು ಹೇಳಿದ್ದೆ, ಇವರು ಹೇಳುವುದಿಲ್ಲ.”

2021ರ ಎರಡನೇ ಅಲೆಯಲ್ಲಿ ರಾಯರ ಅಣ್ಣ ಕೋವಿಡ್‌ನಿಂದ ತೀರಿಕೊಂಡಿದ್ದರು. ಕೊನೆಯ ಬಾರಿ ಅವರನ್ನು ನೋಡಿದ್ದು ಮೊಬೈಲಿನ ಪರದೆಯಲ್ಲಿ. ಮುಖದ ಅರ್ಧವನ್ನು ಮುಚ್ಚಿದ ಮಾಸ್ಕು, ತಲೆಯ ಹಿಂದಕ್ಕೆ ಬಿಗಿದ ಪಟ್ಟಿಗಳು, ಪಕ್ಕದಲ್ಲಿ ಕೊಳವೆ. ಮುಂದೆ ತಮಗೂ ಅಂಥದೇ ಒಂದನ್ನು ಬರೆದುಕೊಟ್ಟಾಗ ರಾಯರಿಗೆ ಅದು ರಾತ್ರಿಯ ನೆರವಾಗಿ ಕಾಣಲಿಲ್ಲ, ಕೊನೆಯ ಘಟ್ಟದ ಗುರುತಾಗಿ ಕಂಡಿತು. ಮನೆಯ ಕೋಣೆಯೊಳಗೆ ಕದ ಹಾಕಿಕೊಂಡು ಹಾಕಿಕೊಳ್ಳುವುದೇ ಕಷ್ಟವಾಗಿತ್ತು. ಅದೇ ಮಾಸ್ಕನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹಾಕಿಕೊಳ್ಳುವುದೆಂದರೆ ಅವರ ಪಾಲಿಗೆ ಅಣ್ಣನ ಜಾಗದಲ್ಲಿ ಮಲಗಿದಂತೆ. ಇದನ್ನು ಹೇಳುವಾಗ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಿದ್ದರು. ಆ ದಿನ ನಾನು ಬೇರೆ ಯಾವ ಸಲಹೆಯನ್ನೂ ಕೊಡಲಿಲ್ಲ. ಅಣ್ಣನ ಬಗ್ಗೆಯೇ ಮಾತಾಡಿದೆವು.

ಎರಡನೆಯ ಭೇಟಿಗೆ ರಾಯರೊಬ್ಬರನ್ನೇ ಬರಹೇಳಿದೆ. ಅಣ್ಣನಿಗೆ ಹಾಕಿದ್ದು ಸೋಂಕಿನಿಂದ ಸೋತ ಶ್ವಾಸಕೋಶಗಳಿಗೆ ನೆರವಾಗಲೆಂದು, ನಿಮ್ಮ ಶ್ವಾಸಕೋಶಗಳು ಗಟ್ಟಿಯಾಗಿಯೇ ಇವೆ, ತೊಂದರೆ ಇರುವುದು ಗಂಟಲಿನ ದಾರಿಯಲ್ಲಿ ಎಂದು ವ್ಯತ್ಯಾಸವನ್ನು ಚಿತ್ರ ಬರೆದು ತೋರಿಸಿದೆ. ಈ ಚಿಕಿತ್ಸೆಯನ್ನು ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸುವ ಮುಂಚೆ ತೀವ್ರ ಕಾಯಿಲೆಯವರಿಗೆ ಗಂಟಲಿನಲ್ಲಿ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆಯೇ ಖಚಿತವಾದ ದಾರಿಯಾಗಿತ್ತು ಎಂದಾಗ ರಾಯರು ತಮ್ಮ ಗಂಟಲನ್ನೊಮ್ಮೆ ಮುಟ್ಟಿಕೊಂಡರು. ಆ ಬಳಿಕವೇ ಅವರು ಮತ್ತೊಂದು ವಿಷಯವನ್ನು ಹೊರಗೆ ಹಾಕಿದ್ದು.

ಪ್ರತಿ ಭೇಟಿಯಲ್ಲೂ ವೈದ್ಯರು ಮೆಷಿನ್ ಹಾಕುತ್ತೀರಾ ಎಂದು ಕೇಳುತ್ತಿದ್ದರು, ರಾಯರು ದಿನಾ ಹಾಕುತ್ತೇನೆ ಎನ್ನುತ್ತಿದ್ದರು. ಸುಳ್ಳೇನಲ್ಲ, ದಿನಾ ಹಾಕುತ್ತಿದ್ದರು. ಆದರೆ ಒಂದೂವರೆ ಗಂಟೆಯಲ್ಲಿ ಕಿತ್ತು ಬದಿಗಿಡುತ್ತಿದ್ದರು. ಮೆಷಿನ್ನಿನೊಳಗೆ ಒಂದು ಸಣ್ಣ ಕಾರ್ಡ್ ಇದೆ, ಅದರಲ್ಲಿ ಎಲ್ಲವೂ ದಾಖಲಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. “ತೆಗೆದುಕೊಂಡು ಹೋದರೆ ಅದು ನನ್ನ ಮೇಲೆ ಚಾಡಿ ಹೇಳುವುದಿಲ್ಲವಾ?” ಎಂದು ಕೇಳಿದರು. ಜೀವಮಾನವಿಡೀ ಲೆಕ್ಕ ಸರಿಯಾಗಿಟ್ಟ ಮನುಷ್ಯ ವೈದ್ಯರ ಮುಂದೆ ಲೆಕ್ಕ ತಪ್ಪಿದವನಾಗಿ ನಿಲ್ಲಲು ಅಂಜುತ್ತಿದ್ದರು.

ನಾನು ಅವರದೇ ಕೌಂಟರಿಗೆ ಹೋದೆ. ಪಾಸ್‌ಬುಕ್ ತಾರದೆ ಬಂದು, ನನ್ನ ಖಾತೆಯಲ್ಲಿ ಎಷ್ಟೋ ಇರಬೇಕು, ಎಲ್ಲೋ ಕಡಿಮೆಯಾಗಿದೆ ಎನ್ನುವ ಗ್ರಾಹಕರಿಗೆ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. “ಪುಸ್ತಕ ತನ್ನಿ, ಎಂಟ್ರಿ ಹಾಕಿ ನೋಡುವ ಎನ್ನುತ್ತಿದ್ದೆ.” ಬೈಯುತ್ತಿದ್ದಿರಾ? “ಇಲ್ಲಪ್ಪ, ಬೈಯುವುದು ಎಂತಕ್ಕೆ? ನೋಡಿದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದಲ್ಲ.” ಅಷ್ಟು ಹೇಳಿ ಅವರೇ ಸುಮ್ಮನಾದರು. ಕಾರ್ಡಿನಲ್ಲಿ ಬಳಸಿದ ಗಂಟೆಗಳು ಮಾತ್ರ ಇರುವುದಿಲ್ಲ. ಮಾಸ್ಕಿನಿಂದ ಎಷ್ಟು ಗಾಳಿ ಸೋರಿದೆ, ಮೆಷಿನ್ ಹಾಕಿದ ಮೇಲೂ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿದೆ ಎಂಬುದೂ ಇರುತ್ತದೆ. ಒಂದೂವರೆ ಗಂಟೆಗೇ ಕಿತ್ತಿಡುವ ಕಾರಣ ನಿಮ್ಮ ಮನಸ್ಸಿನಲ್ಲಿದೆಯೋ ಮಾಸ್ಕಿನಲ್ಲಿದೆಯೋ ಎಂಬುದನ್ನು ಅದೇ ಹೇಳಬಲ್ಲದು ಎಂದೆ. ಜೊತೆಗೆ, ವೈದ್ಯರನ್ನು ಭೇಟಿಯಾದ ಕೂಡಲೇ, ಅವರು ಕೇಳುವ ಮೊದಲೇ, ‘ನಾನು ಎರಡು ಗಂಟೆಯೂ ಹಾಕುತ್ತಿಲ್ಲ, ಕಾರಣ ಹುಡುಕಬೇಕು’ ಎಂಬ ಒಂದು ವಾಕ್ಯ ಹೇಳಿಬಿಡಿ ಎಂದು ಸಲಹೆ ಕೊಟ್ಟೆ. ಆ ವಾಕ್ಯವನ್ನು ನನ್ನ ಕೋಣೆಯಲ್ಲಿ ಮೂರು ಸಲ ಹೇಳಿಸಿದೆ. ಮೊದಲ ಸಲ ಅವರ ಧ್ವನಿ ಹೊರಡಲಿಲ್ಲ.

ಮುಂದಿನ ವಾರ ಚೀಲ ಬಂತು. ಅಮ್ಮನ ತೊಡೆಯ ಮೇಲೆ ಕುಳಿತು ಬಂದಿತ್ತು. ಅವರ ಒಪ್ಪಿಗೆಯ ಮೇರೆಗೆ ನಾನೂ ತಪಾಸಣೆಯ ಕೋಣೆಯಲ್ಲಿದ್ದೆ. ತಂತ್ರಜ್ಞ ಹುಡುಗ ಮೊದಲು ಕುಳಿತಲ್ಲೇ ಮಾಸ್ಕ್ ಹಾಕಿಸಿ ನೋಡಿದ, ಸರಿಯಾಗಿಯೇ ಇತ್ತು. ಅನಂತರ ರಾಯರನ್ನು ಮಂಚದ ಮೇಲೆ ಮಲಗಿಸಿ, ಅವರದೇ ಮೆಷಿನ್ನನ್ನು ಅವರದೇ ಒತ್ತಡದಲ್ಲಿ ಚಾಲೂ ಮಾಡಿದ. ಒಂದೆರಡು ನಿಮಿಷದಲ್ಲಿ ಮೂಗಿನ ಸೇತುವೆಯ ಎಡಗಡೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಶುರುವಾಯಿತು. ಆ ಗಾಳಿ ನೇರವಾಗಿ ಎಡಗಣ್ಣಿಗೆ ಬೀಸುತ್ತಿತ್ತು, ರೆಪ್ಪೆಗಳು ಅದುರುವುದು ನನಗೆ ನಿಂತಲ್ಲಿಗೆ ಕಾಣುತ್ತಿತ್ತು. ಮಾಸ್ಕಿನ ಸಿಲಿಕೋನ್ ಅಂಚು ಹಳದಿ ತಿರುಗಿ ಸೊಟ್ಟಗಾಗಿತ್ತು. ಸೋರಿಕೆ ನಿಲ್ಲಲೆಂದು ರಾಯರು ರಾತ್ರಿ ಪಟ್ಟಿಯನ್ನು ಬಿಗಿಯುತ್ತಿದ್ದರು, ಬಿಗಿದಷ್ಟೂ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತಿತ್ತು. ಮೂಗಿನ ಮೇಲಿನ ಕೆಂಪು ಗುರುತು ಕನ್ನಡಕದ್ದೆಂದು ನಾವೆಲ್ಲ ತಿಳಿದಿದ್ದೆವು. ಗಾಳಿಗೆ ತೇವ ಕೊಡಲು ಮೆಷಿನ್ನಿನಲ್ಲಿರುವ ನೀರಿನ ತೊಟ್ಟಿಯ ತಳದಲ್ಲಿ ಬಿಳಿ ಪದರ ಕಟ್ಟಿತ್ತು, ಡಿಸ್ಟಿಲ್ಡ್ ವಾಟರ್ ಬದಲು ಬಾವಿ ನೀರನ್ನೇ ಹಾಕುತ್ತಿದ್ದರು. ಹಿಂಬದಿಯ ಫಿಲ್ಟರನ್ನು ಕೊಂಡ ದಿನದಿಂದ ಬದಲಿಸಿರಲಿಲ್ಲ. ಇವುಗಳಲ್ಲಿ ಒಂದನ್ನೂ ಎರಡು ವರ್ಷಗಳ ಪ್ರಶ್ನೋತ್ತರ ಹೊರಗೆ ತಂದಿರಲಿಲ್ಲ. ಬೇರೆ ಅಳತೆಯ ಮಾಸ್ಕ್ ಹಾಕಿದ ಮೇಲೆ ಸಿಳ್ಳೆ ನಿಂತಿತು. ರಾಯರು ಕಣ್ಣು ಮುಚ್ಚಿ ಹಾಗೆಯೇ ಐದು ನಿಮಿಷ ಮಲಗಿದ್ದರು. ‘ಸಹಕಾರ ಸಾಲದು’ ಎಂಬ ಸಾಲು ನನಗೆ ಆಗ ನೆನಪಾಯಿತು, ಬೇಸರವೂ ಆಯಿತು.

ಅವರಿಗೆ ಕೊಟ್ಟ ಸಲಹೆಯನ್ನು, ಇದೇ ಸ್ಥಿತಿಯಲ್ಲಿರುವ ಬೇರೆಯವರಿಗೂ ಉಪಯೋಗವಾಗಬಹುದೆಂದು, ಇಲ್ಲಿ ಬರೆಯುತ್ತೇನೆ. ಎಲ್ಲ ಭೇಟಿಗೂ ಮೆಷಿನ್ ಹೊರುವ ಅಗತ್ಯವಿಲ್ಲ, ಬಿ.ಪಿ. ನೋಡಿಸಲು ಹೋಗುವಾಗ ಕಾಯಿಲೆಯ ಹೆಸರು ಮತ್ತು ಮೆಷಿನ್ನಿನ ಗಾಳಿಯ ಒತ್ತಡದ ಅಂಕಿ ಬರೆದ ಚೀಟಿ ಪರ್ಸಿನಲ್ಲಿದ್ದರೆ ಸಾಕು. ನಿದ್ರೆಯ ಚಿಕಿತ್ಸೆಯ ತಪಾಸಣೆಗೆ ಹೋಗುವಾಗ ಮಾತ್ರ ಮೆಷಿನ್, ಮಾಸ್ಕ್, ಪಟ್ಟಿ, ಕೊಳವೆ, ವಿದ್ಯುತ್ ಅಡಾಪ್ಟರ್, ಕಾರ್ಡ್ ಎಲ್ಲವನ್ನೂ ಒಯ್ಯಬೇಕು. ತೊಟ್ಟಿಯ ನೀರನ್ನು ಮನೆಯಲ್ಲೇ ಚೆಲ್ಲಿ ಒರೆಸಿ ಹೊರಡಬೇಕು, ಬಸ್ಸಿನ ಕುಲುಕಾಟಕ್ಕೆ ನೀರು ಮೆಷಿನ್ನಿನೊಳಗೆ ನುಗ್ಗಿದರೆ ಕೆಡುತ್ತದೆ. ತೊಳೆದು ತರಬೇಕೆಂಬ ಸಂಕೋಚದಲ್ಲಿ ಹೊಸ ಮಾಸ್ಕ್ ಕೊಂಡು ತರುವವರಿದ್ದಾರೆ. ರಾತ್ರಿ ನಿಜವಾಗಿ ಹಾಕುವ ಹಳೆಯ ಮಾಸ್ಕನ್ನೇ ತರಬೇಕು, ತೊಂದರೆ ಇರುವುದು ಅದರಲ್ಲಿ. ಒತ್ತಡವನ್ನು ತಾವಾಗಿ ಬದಲಿಸಬಾರದು.

ಮಂಪರು ಅಥವಾ ಅರಿವಳಿಕೆ ಕೊಡುವ ಯಾವುದೇ ಪರೀಕ್ಷೆ, ಶಸ್ತ್ರಚಿಕಿತ್ಸೆ ಇದ್ದರೆ ಮಾತು ಬೇರೆ. ಆ ದಿನ ಬೆಳಿಗ್ಗೆ ಹೇಳುವುದಲ್ಲ, ದಿನ ಗೊತ್ತಾಗುವಾಗಲೇ ಹೇಳಬೇಕು, ಅರಿವಳಿಕೆ ತಜ್ಞರಿಗೆ ಮತ್ತೊಮ್ಮೆ ಹೇಳಬೇಕು, ಮೆಷಿನ್ ತರಲೇ ಎಂದು ಕೇಳಿಕೊಳ್ಳಬೇಕು. ಹೊರಗಿನ ವಿದ್ಯುತ್ ಉಪಕರಣವನ್ನು ಪರಿಶೀಲಿಸದೆ ವಾರ್ಡಿಗೆ ಬಿಡದ ಆಸ್ಪತ್ರೆಗಳಿವೆ, ಅದಕ್ಕೂ ಸಮಯ ಬೇಕು. ಚೀಲದ ಮೇಲೆ ಹೆಸರು ಬರೆದಿರಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕೊಡುವ ಕೆಲವು ಬಲವಾದ ನೋವುಶಮನಗಳೂ ಉಸಿರನ್ನು ತಗ್ಗಿಸುವುದರಿಂದ ಹಗಲಿನಲ್ಲಿ ತೂಕಡಿಸಿದರೂ ಮೆಷಿನ್ ಹಾಕಿಕೊಳ್ಳಬೇಕಾಗುತ್ತದೆ. ಆಗ ರೋಗಿಗೆ ತಾನೇ ಹಾಕಿಕೊಳ್ಳುವ ಎಚ್ಚರ ಇರುವುದಿಲ್ಲವಾದ್ದರಿಂದ ಜೊತೆಗಿರುವವರು ಮಾಸ್ಕ್ ಕಟ್ಟುವುದನ್ನು ಮೊದಲೇ ಕಲಿತಿರಬೇಕು. ಅಮ್ಮ ನನ್ನ ಕೋಣೆಯಲ್ಲಿಯೇ ಕಲಿತರು. ಎರಡನೆಯ ಸಲಕ್ಕೇ ಪಟ್ಟಿ ತಿರುಚಿಕೊಳ್ಳದಂತೆ ಹಾಕಿದರು.

ಆರು ವಾರಗಳ ನಂತರ ನಿಂತುಹೋಗಿದ್ದ ಕೊಲೊನೊಸ್ಕೋಪಿ ಪೂರ್ತಿಯಾಯಿತು. ಫಾರ್ಮಿನಲ್ಲಿ ರಾಯರು ಬಿ.ಪಿ.ಗಿಂತ ಮೊದಲು ಸ್ಲೀಪ್ ಆಪ್ನಿಯಾ ಎಂದು ಬರೆದಿದ್ದರು. ಚೇತರಿಕೆಯ ಕೋಣೆಯಲ್ಲಿ ಎಚ್ಚರವಾಗುವವರೆಗೆ ಅವರ ಮೆಷಿನ್ ಅವರ ಪಕ್ಕದಲ್ಲೇ ನಡೆಯುತ್ತಿತ್ತು. ಈಗ ಕಾರ್ಡಿನ ಲೆಕ್ಕ ರಾತ್ರಿಗೆ ಸರಾಸರಿ ಐದು ಗಂಟೆ ತೋರಿಸುತ್ತಿದೆ. ಬಸ್ಸಿನಲ್ಲಿ ಒಬ್ಬರು ಚೀಲ ನೋಡಿ ಕೇಳಿದರಂತೆ. ರಾಯರು ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ, ಆ ಮನುಷ್ಯ ತನ್ನ ಹೆಂಡತಿಯ ಗೊರಕೆಯ ಬಗ್ಗೆ ಪಡುಬಿದ್ರೆಯವರೆಗೂ ವಿಚಾರಿಸುತ್ತಾ ಬಂದರಂತೆ.

ಕೊನೆಯ ಭೇಟಿಯಲ್ಲಿ ಹೊರಡುವಾಗ ಅಮ್ಮ ಬಾಗಿಲ ಬಳಿ ನಿಂತು ಒಂದು ಮಾತು ಹೇಳಿದರು. ಗಂಡ ಈಗ ಸದ್ದಿಲ್ಲದೆ ಮಲಗುತ್ತಾರೆ, ಆದರೂ ತಮಗೆ ಎರಡು ಗಂಟೆಗೆ ಎಚ್ಚರವಾಗುತ್ತದೆ, ಉಸಿರು ನಡೆಯುತ್ತಿದೆಯಾ ಎಂದು ಎಣಿಸುವ ಅಭ್ಯಾಸ ಹೋಗಿಲ್ಲ, ಮತ್ತೆ ನಿದ್ರೆ ಬರುವುದಿಲ್ಲ ಎಂದು. ಮುಂದಿನ ಭೇಟಿಯನ್ನು ಅಮ್ಮ ಒಬ್ಬರಿಗೇ ಇಟ್ಟಿದ್ದೇನೆ.