ಆಪ್ತಸಲಹೆ ಪ್ರಕರಣ: "ನನಗೆ ಬರುವುದಿಲ್ಲ, ನೀನೇ ಮಾಡಮ್ಮ"

ಆರು ವರ್ಷದ ಮಗಳು ತೀರಾ ಸೋಮಾರಿಯಾಗಿದ್ದಾಳೆ, ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ಹೇಳಿದರೆ ಹಠ ಹಿಡಿಯುತ್ತಾಳೆ. ಡಿಸೆಂಬರ್ ಕೊನೆಯ ವಾರ ಈ ದೂರು ಹೊತ್ತು ಬೆಂಗಳೂರಿನ ದಂಪತಿಯೊಬ್ಬರು ನನ್ನ ಬಳಿ ಬಂದರು. ಗುರುತು ಸಿಗದಂತೆ ಹೆಸರುಗಳನ್ನೂ ಮನೆಯ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ತಾಯಿಯ ಒಪ್ಪಿಗೆ ಇದೆ. ತಾಯಿಯನ್ನು ನಳಿನಿ ಎಂದೂ ಮಗಳನ್ನು ಇಂಚರ ಎಂದೂ ಕರೆಯೋಣ. ಇಂಚರಳಿಗೆ ಮೂರು ವರ್ಷದ ತಮ್ಮನಿದ್ದಾನೆ. ಮನೆಯಲ್ಲಿ ಅಜ್ಜಿ ಇದ್ದಾರೆ, ನಳಿನಿಯ ಅತ್ತೆ, ಮೈಸೂರಿನ ಕಡೆಯವರು. ನಳಿನಿ ಅರ್ಧ ದಿನ ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಾರೆ.

ಕಥೆ ಶುರುವಾದದ್ದು ಒಂದು ಹತ್ತಿಯ ಬೊಂಬೆಯಿಂದ. ರಜೆಗೆ ಮುಂಚೆ ಶಾಲೆಯಲ್ಲಿ ‘ಚಳಿಗಾಲ’ ಎಂಬ ವಿಷಯ ಕೊಟ್ಟು, ಹತ್ತಿ ಅಂಟಿಸಿ ಹಿಮಮಾನವನನ್ನು ಮಾಡಿ ತರಲು ಹೇಳಿದ್ದರು. (ಫ್ರಿಜ್ಜಿನೊಳಗೆ ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ಬೆಂಗಳೂರಿನ ಮಕ್ಕಳಿಗೆ ಚಳಿಗಾಲವೆಂದರೆ ಅವರೆಕಾಯಿ, ಕಬ್ಬು, ಬಾಗಿಲ ಮುಂದಿನ ಧನುರ್ಮಾಸದ ರಂಗೋಲಿ ಯಾಕಾಗಬಾರದು ಎಂಬುದು ನನ್ನ ಹಳೆಯ ತಕರಾರು.) ಇಂಚರ ಮಾಡಿದ ಬೊಂಬೆಯ ತಲೆ ಹೊಟ್ಟೆಗಿಂತ ದೊಡ್ಡದಾಗಿತ್ತು, ಮೂಗು ಕಿವಿಯ ಹತ್ತಿರ ಹೋಗಿ ಕೂತಿತ್ತು. ಮಗು ಮಲಗಿದ ಮೇಲೆ ನಳಿನಿ ಅದನ್ನು ಕಿತ್ತು, ಹೊಸ ಹತ್ತಿ ತಂದು ಅಂದವಾಗಿ ಅಂಟಿಸಿದರು. ಶಾಲೆಯಲ್ಲಿ ಸ್ಟಾರ್ ಸಿಕ್ಕಿತು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಯ ಸುರಿಮಳೆಯಾಯಿತು. ಮಗು ಆ ಸ್ಟಾರನ್ನು ತಂದು ತಾಯಿಯ ಕೈಗೆ ಕೊಟ್ಟು "ಇದು ನಿನ್ನದು" ಎಂದಿತಂತೆ. ಇದನ್ನು ನಳಿನಿ ನನಗೆ ಹೇಳಿದ್ದು ಮಗಳ ಚೂಟಿತನಕ್ಕೆ ಉದಾಹರಣೆಯಾಗಿ, ನಗುತ್ತಾ.

ಆ ನಂತರ ಇಂಚರ ಬಣ್ಣದ ಪೆನ್ಸಿಲ್ ಮುಟ್ಟುವುದು ಕಡಿಮೆಯಾಯಿತು. ಅಜ್ಜಿ ಚುಕ್ಕಿ ಇಟ್ಟು ಬಣ್ಣ ತುಂಬಲು ಕರೆದರೂ ಬಾರಳು. "ನನಗೆ ಬರುವುದಿಲ್ಲ, ನೀನೇ ಮಾಡಮ್ಮ" ಎಂಬ ಒಂದೇ ಮಾತು. ನಳಿನಿ ಗೋಡೆಗೆ ಪಟ್ಟಿ ಅಂಟಿಸಿ, ಒಂದು ಚಿತ್ರಕ್ಕೆ ಒಂದು ಸ್ಟಾರ್, ಹತ್ತು ಸ್ಟಾರಿಗೆ ಒಂದು ಆಟಿಕೆ ಎಂದು ಆಸೆ ತೋರಿಸಿದರು. ಎರಡು ದಿನ ಮಗು ಸರಸರನೆ ಗೀಚಿ ಸ್ಟಾರ್ ಗಿಟ್ಟಿಸಿತು, ಆಮೇಲೆ ಅದೂ ನಿಂತಿತು. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಲು ಅಜ್ಜಿ ಕೂರಿಸಿದಾಗ ಮತ್ತದೇ ಮಾತು. ತಮ್ಮ ಬಂದು ಮೊರ ಮಗುಚಿದ. ನಳಿನಿಯ ಕೈ ಮಗಳ ಬೆನ್ನ ಮೇಲೆ ಬಿತ್ತು. ಮಾರನೆಯ ದಿನವೇ ನನಗೆ ಫೋನ್ ಬಂತು.

ಮೊದಲ ಭೇಟಿಯಲ್ಲಿ ನಾನು ಮಗುವಿನ ಮುಂದೆ ಕಾಗದ, ಪೆನ್ಸಿಲ್, ರಬ್ಬರ್ ಇಟ್ಟು ದೊಡ್ಡವರೊಡನೆ ಮಾತಿಗೆ ಕೂತೆ. ಇಂಚರ ಒಂದು ಗೆರೆ ಎಳೆದಳು, ತಾಯಿಯ ಮುಖ ನೋಡಿದಳು, ಅಳಿಸಿದಳು. ಮತ್ತೊಂದು ಗೆರೆ, ಮತ್ತೆ ಮುಖ, ಮತ್ತೆ ರಬ್ಬರ್. ಕಾಗದ ಒಂದು ಕಡೆ ತೆಳ್ಳಗಾಗಿ ಹರಿಯಿತು. ತಾಯಿ ಹೊರಗಿನ ಕೋಣೆಗೆ ಹೋಗಿ ಕೂತ ಮೇಲೆ ಅದೇ ಹರಿದ ಕಾಗದದ ತೂತಿನ ಸುತ್ತ ಒಂದು ಮೀನು ಮೂಡಿತು. ತೂತೇ ಅದರ ಬಾಯಿ. ಸೋಮಾರಿ ಮಗು ಹೀಗೆ ಮಾಡುವುದಿಲ್ಲ.

ಆದರೂ ಕೈಬೆರಳುಗಳ ಹಿಡಿತದಲ್ಲಿ ತೊಂದರೆ ಇದೆಯೇ ಎಂದು ನೋಡದೆ ಮನಸ್ಸಿನ ಮಾತಿಗೆ ಇಳಿಯಬಾರದು. ಬರುವುದಿಲ್ಲ ಎನ್ನುವ ಕೆಲವು ಮಕ್ಕಳಿಗೆ ನಿಜವಾಗಿಯೂ ಕಣ್ಣು ಮಂಜಾಗಿರುತ್ತದೆ, ಇಲ್ಲವೇ ಕೈ ಸ್ವಾಧೀನಕ್ಕೆ ಬಂದಿರುವುದಿಲ್ಲ. ಇಂಚರ ಗುಂಡಿ ಹಾಕಿಕೊಳ್ಳುತ್ತಾಳೆ, ಮಕ್ಕಳ ಕತ್ತರಿಯಲ್ಲಿ ಗೆರೆಯ ಮೇಲೆ ಕತ್ತರಿಸುತ್ತಾಳೆ, ಚಮಚದಲ್ಲಿ ಚೆಲ್ಲದೆ ತಿನ್ನುತ್ತಾಳೆ. ಕಣ್ಣಿನ ಪರೀಕ್ಷೆ ಶಾಲೆಯಲ್ಲಿ ಆಗಿತ್ತು. ಹಾಗಾಗಿ ಬೇರೆ ತಜ್ಞರ ಬಳಿ ಕಳಿಸುವ ಅಗತ್ಯ ಕಾಣಲಿಲ್ಲ. ಈ ಮಗು ಲೆಕ್ಕ ಹಾಕಿ ನಿಲ್ಲಿಸಿತ್ತು. ತಾನು ಮಾಡಿದ್ದನ್ನು ರಾತ್ರಿ ಅಮ್ಮ ಬದಲಾಯಿಸುತ್ತಾಳೆ, ಬದಲಾಯಿಸಿದ್ದಕ್ಕೇ ಬಹುಮಾನ ಬರುತ್ತದೆ. ಅಂದ ಮೇಲೆ ನಡುವೆ ತಾನೇಕೆ? ಆರು ವರ್ಷದ ತಲೆಗೆ ಇಷ್ಟು ತರ್ಕ ಧಾರಾಳವಾಗಿ ಸಾಧ್ಯ.

ಸ್ಟಾರ್ ಪಟ್ಟಿಯ ಬಗ್ಗೆ ನಳಿನಿಗೆ ನಂಬಿಕೆ ಗಟ್ಟಿಯಾಗಿತ್ತು, ಹಾಗಾಗಿ ಒಂದು ಹಳೆಯ ಪ್ರಯೋಗದ ಕಥೆ ಹೇಳಬೇಕಾಯಿತು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳಲ್ಲಿ ಬಣ್ಣದ ಪೆನ್ನಿನ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುವವರನ್ನು ಆರಿಸಿಕೊಂಡರು. ಒಂದು ಗುಂಪಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಮತ್ತೊಂದಕ್ಕೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಬಿಡುವಿನ ಆಟದಲ್ಲಿ ಪೆನ್ನುಗಳನ್ನು ಇಟ್ಟು ನೋಡಿದರೆ, ಪ್ರಶಸ್ತಿಯ ಮಾತು ಕೇಳಿಯೇ ಬರೆದಿದ್ದ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಅವುಗಳ ಬಳಿ ಸುಳಿದರು. ನಳಿನಿ ಕೇಳಿದರು: "ಹಾಗಾದರೆ ಮೇಡಂ, ಹೊಗಳಲೇಬಾರದೇ?" ಹೊಗಳಿ, ಆದರೆ ಕಂಡದ್ದನ್ನು ಹೇಳಿ ಎಂದೆ. ‘ಸೂಪರ್’ ಎಂದರೆ ಮಗುವಿಗೆ ತೀರ್ಪು ಮಾತ್ರ ಸಿಗುತ್ತದೆ. ‘ಈ ಮೂರು ಉಂಡೆ ಒಂದೇ ಗಾತ್ರಕ್ಕೆ ಬಂದಿವೆಯಲ್ಲ’ ಎಂದರೆ ಅದಕ್ಕೆ ತನ್ನ ಕೈಕೆಲಸ ಕಾಣಿಸುತ್ತದೆ.

ತಾಯಿಯೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ಇನ್ನಷ್ಟು ಹೊರಬಂತು. ರಜೆಯಲ್ಲಿ ಮಕ್ಕಳಿಗೆ ದಿನವೂ ಏನಾದರೂ ಮಾಡಿಸಬೇಕು, ಮೊಬೈಲ್ ಕೊಡಬಾರದು ಎಂಬ ಭಾರವನ್ನು ಅವರು ಒಬ್ಬರೇ ಹೊತ್ತಿದ್ದರು. ಗುಂಪಿನಲ್ಲಿ ಬೇರೆ ಮನೆಯ ಮಕ್ಕಳ ಕಾಗದದ ಗಾಳಿಪಟ, ಅಲಂಕರಿಸಿದ ಎಳ್ಳಿನ ಡಬ್ಬಿಗಳ ಫೋಟೊ ನೋಡುವುದು, ರಾತ್ರಿ ಹನ್ನೊಂದಕ್ಕೆ ಅಂಟು, ಹೊಳಪಿನ ಕಾಗದ ತರಿಸುವುದು, ಬೆಳಿಗ್ಗೆ ಮಕ್ಕಳು ಹತ್ತೇ ನಿಮಿಷದಲ್ಲಿ ಎದ್ದು ಹೋದಾಗ ಸಿಡಿಯುವುದು. ನಿದ್ದೆ ಕೆಟ್ಟಿತ್ತು. ಖಿನ್ನತೆಯ ಲಕ್ಷಣಗಳ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿದೆ. ದಣಿವು ಹೆಚ್ಚಿತ್ತು, ಅದಕ್ಕಿಂತ ಆಳವಾದದ್ದು ಸಿಗಲಿಲ್ಲ. ತಡೆಯಲಾಗದಷ್ಟು ಬೇಸರವೋ ಸಿಟ್ಟೋ ಬಂದ ರಾತ್ರಿ ನನಗಾಗಿ ಕಾಯುವುದು ಬೇಡ ಎಂದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಕನ್ನಡದಲ್ಲೇ ಮಾತನಾಡಬಹುದು. ಪೆಟ್ಟಿನ ವಿಷಯದಲ್ಲಿ ನಾನು ಮೃದುವಾಗಿ ಸುತ್ತಿ ಬಳಸಲಿಲ್ಲ: ಮಗಳ ಬಳಿ ಹೋಗಿ "ನಾನು ಹೊಡೆದದ್ದು ತಪ್ಪು" ಎಂದು ಹೇಳಬೇಕು, ‘ಆದರೆ ನೀನು’ ಎಂದು ಮುಂದುವರಿಸಬಾರದು ಎಂದೆ.

ಇನ್ನು ಸಲಹೆ. ಕೈಕೆಲಸದ ಸಾಮಾನುಗಳನ್ನೆಲ್ಲ ಎತ್ತಿಡಿ, ಸಂಕ್ರಾಂತಿ ಮುಗಿಯುವವರೆಗೆ ಮಕ್ಕಳಿಗೆಂದೇ ಹುಡುಕಿ ತಂದ ಯಾವ ಕೆಲಸವೂ ಬೇಡ ಎಂದೆ. ಮನೆಯಲ್ಲಿ ಹೇಗಿದ್ದರೂ ಆಗಬೇಕಾದ ಕೆಲಸ ಬೇಕಾದಷ್ಟಿದೆ, ಅದರಲ್ಲಿ ಒಂದು ತುಂಡನ್ನು ಮಗುವಿಗೆ ಪೂರ್ತಿಯಾಗಿ ಬಿಟ್ಟುಕೊಡಿ. ಬಿಟ್ಟುಕೊಟ್ಟ ಮೇಲೆ ಯಾರೂ ತಿದ್ದಬಾರದು, ರಾತ್ರಿಯೂ ತಿದ್ದಬಾರದು. ಚಳಿಗಾಲದ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ್ದು. ಅವರೆಕಾಯಿ ಸುಲಿಯುವುದಿದೆ. ಕಾಳನ್ನು ನೆನೆಸಿಟ್ಟು ಮರುದಿನ ಹಿತಕುವುದಂತೂ ಮಕ್ಕಳಿಗೆ ಕೊಟ್ಟ ವರ: ಎರಡು ಬೆರಳಿನ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರಿ ಬಟ್ಟಲು ಸೇರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸೊಟ್ಟಗೆ ಹಿತಕಿದ ಬೇಳೆ ಎಂದು ಯಾವುದೂ ಇಲ್ಲ, ಸಾರಿಗೆ ಎಲ್ಲವೂ ಒಂದೇ. ಹಸಿಕಾಳು ಬಾಯಿಗೆ ಹೋಗದಂತೆ ಒಬ್ಬರು ಪಕ್ಕದಲ್ಲಿ ಕೂತರೆ ಸಾಕು.

ಸಿಹಿಗೆ ನಾನು ಸೂಚಿಸಿದ್ದು ಎಳ್ಳಿನ ಚಿಗಳಿ. ಪಾಕ ಹಿಡಿಯುವ ಎಳ್ಳುಂಡೆಯನ್ನು ಬಿಸಿ ಬಿಸಿ ಇರುವಾಗಲೇ ಕಟ್ಟಬೇಕು, ಅದು ದೊಡ್ಡವರ ಕೈಗೂ ಸುಡುತ್ತದೆ. ಚಿಗಳಿಗೆ ಪಾಕವೇ ಬೇಡ. ಒಂದು ಲೋಟ ಎಳ್ಳನ್ನು ದೊಡ್ಡವರು ಚಟಪಟ ಎನ್ನುವವರೆಗೆ ಹುರಿದು ಆರಿಸಿ ಕೊಡುವುದು. ಮುಕ್ಕಾಲು ಲೋಟ ಪುಡಿಬೆಲ್ಲ, ಒಂದಿಷ್ಟು ಒಣಕೊಬ್ಬರಿ ತುರಿ, ಏಲಕ್ಕಿ ಸೇರಿಸಿ ಒರಳಲ್ಲಿ ಕುಟ್ಟುವುದು. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಕುಟ್ಟುತ್ತಾ ಹೋದಂತೆ ಅದು ಬಿಟ್ಟುಕೊಂಡು ಬೆಲ್ಲಕ್ಕೆ ಹತ್ತುತ್ತದೆ, ಪುಡಿಯಾಗಿದ್ದದ್ದು ಹೊಳೆಯುವ ಮುದ್ದೆಯಾಗುತ್ತದೆ. ಮಗು ಅಂಗೈಯಲ್ಲಿ ಅದುಮಿದರೆ ಉಂಡೆ ನಿಲ್ಲುತ್ತದೆ. ನಿಲ್ಲದಿದ್ದರೆ ಇನ್ನೂ ನಾಲ್ಕು ಏಟು ಕುಟ್ಟಿದರಾಯಿತು. ಸರಿಯಾಯಿತೋ ಇಲ್ಲವೋ ಎಂದು ಅಮ್ಮನ ಮುಖ ನೋಡುವ ಬದಲು ಉಂಡೆಯನ್ನೇ ನೋಡಿ ತಿಳಿಯಬಹುದು. ಇಂಚರಳಿಗೆ ಬೇಕಾಗಿದ್ದದ್ದು ಇದೇ.

ಸಕ್ಕರೆ ಅಚ್ಚಿನ ವಿಷಯಕ್ಕೆ ತಂದೆಯನ್ನು ಎಳೆದು ತಂದೆ. ಕುದಿಯುವ ಸಕ್ಕರೆ ಪಾಕ ಕುದಿಯುವ ನೀರಿಗಿಂತಲೂ ಬಿಸಿ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಪಾಕ ಒಲೆಯ ಮೇಲಿರುವಷ್ಟು ಹೊತ್ತು ಮಕ್ಕಳು ಅಡುಗೆಮನೆಯ ಹೊಸಿಲು ದಾಟಬಾರದು, ಅದನ್ನು ಕಾಯುವುದು ಅಪ್ಪನ ಕೆಲಸ. ಆಕಸ್ಮಾತ್ ಸಿಡಿದರೆ ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿದು ವೈದ್ಯರಿಗೆ ತೋರಿಸಬೇಕು. ಟೂತ್‌ಪೇಸ್ಟ್, ಐಸ್, ಅರಿಶಿನ ಯಾವುದೂ ಬೇಡ. ಮಕ್ಕಳ ಪಾಲು ಪಾಕಕ್ಕೆ ಮುಂಚೆ ಮತ್ತು ಆರಿದ ಮೇಲೆ: ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕುವುದು, ಜೋಡಿ ಹುಡುಕಿ ರಬ್ಬರ್ ಬ್ಯಾಂಡ್ ಬಿಗಿಯುವುದು, ಕೊನೆಗೆ ಬಿಚ್ಚಿ ಮೀನೋ ಗೋಪುರವೋ ಹೊರಬರುವುದನ್ನು ನೋಡುವುದು. ಮೂರು ವರ್ಷದವನಿಗೆ ನೀರಿನ ಕೆಲಸವೇ ಸಾಕು. ಅವನ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನು ಅಜ್ಜಿಗೆ ತಲುಪಿಸಲು ಹೇಳಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಕೊಡಬಾರದು, ಉಸಿರುಕೊಳವೆಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಎರಡು ಹೋಳು ಮಾಡಿದ್ದೂ ಸಿಕ್ಕಿಕೊಳ್ಳಬಹುದು. ಅವನ ಎಳ್ಳುಬೆಲ್ಲವನ್ನು ಪುಡಿ ಮಾಡಿಯೇ ಕೊಡಬೇಕು.

ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚುವ ಬಗ್ಗೆಯೂ ನಳಿನಿ ಕೇಳಿದರು. ಅತ್ತೆ ಅಡಕತ್ತರಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾಗಿ ಹೆಚ್ಚುತ್ತಾರಂತೆ, ತಮಗೆ ಅದು ಬರುವುದಿಲ್ಲವಂತೆ. ಗಾಂಧಿ ಬಜಾರಿನಲ್ಲಿ ಹೆಚ್ಚಿದ್ದೇ ಸಿಗುತ್ತದೆ, ತನ್ನಿ ಎಂದೆ. "ಅತ್ತೆ ಏನೆನ್ನುತ್ತಾರೋ" ಎಂದರು. ಮಗಳ ಬಾಯಲ್ಲಿ ಕೇಳಿದ ಮಾತನ್ನೇ ಈಗ ತಾಯಿಯ ಬಾಯಲ್ಲೂ ಕೇಳಿದೆ. ಆ ಎಳೆಯನ್ನು ಅಂದು ಎಳೆಯಲಿಲ್ಲ, ಟಿಪ್ಪಣಿಯಲ್ಲಿ ಬರೆದುಕೊಂಡೆ.

ಸಂಕ್ರಾಂತಿ ಕಳೆದು ಜನವರಿ ಕೊನೆಯಲ್ಲಿ ಮತ್ತೆ ಬಂದರು. ಪವಾಡವೇನೂ ನಡೆದಿರಲಿಲ್ಲ. ಮೊದಲ ಎರಡು ದಿನ ಇಂಚರ ಅವರೆಕಾಳಿನ ಹತ್ತಿರವೂ ಬರಲಿಲ್ಲ. ತಾಯಿ ಕರೆಯದೆ ಸುಮ್ಮನೆ ಹಿತಕುತ್ತಾ ಕೂತಿದ್ದಾಗ, ಬೇಳೆ ಹಾರಿ ತಮ್ಮನ ಹಣೆಗೆ ಬಡಿದು ಅವನು ಕೇಕೆ ಹಾಕಿದ್ದೇ ತಡ, ಅಕ್ಕ ಓಡಿಬಂದು ಕೂತಳು. ಚಿಗಳಿ ಅವಳದೇ ಆಯಿತು. ಉಂಡೆಗಳನ್ನು ಸಾಲಾಗಿಟ್ಟು ತಾನೇ ಗಾತ್ರ ಹೋಲಿಸಿದಳಂತೆ, ಒಂದನ್ನು ಒಡೆದು ಮತ್ತೆ ಕಟ್ಟಿದಳಂತೆ. ಅಚ್ಚು ಬಿಚ್ಚುವಾಗ ಆತುರಕ್ಕೆ ಒಂದು ಆನೆಯ ಸೊಂಡಿಲು ಮುರಿಯಿತು. ಮಗು ತಕ್ಷಣ ತಾಯಿಯ ಕಡೆ ತಿರುಗಿತು. ನಳಿನಿ ಏನೂ ಹೇಳಲಿಲ್ಲ. ಅಜ್ಜಿಯೇ "ಮುರಿದದ್ದೆಲ್ಲ ಮತ್ತೆ ಪಾಕಕ್ಕೆ, ಇದೇನು ಹೊಸತಲ್ಲ" ಎಂದು ತುಂಡುಗಳನ್ನು ಬಟ್ಟಲಿಗೆ ಹಾಕಿದರಂತೆ. ಇದು ನನ್ನ ಸಲಹೆಯಲ್ಲಿ ಇರಲಿಲ್ಲ. ಅಜ್ಜಿಗೆ ಅದರ ಶ್ರೇಯಸ್ಸು ಪೂರ್ತಿ ಸಲ್ಲಬೇಕು.

ಅದೇ ಅಜ್ಜಿ ಎಳ್ಳು ಬೀರುವ ಹೊತ್ತಿಗೆ ಸೊಟ್ಟ ಅಚ್ಚುಗಳನ್ನೂ ಮೊಮ್ಮಗಳ ಉಂಡೆಗಳನ್ನೂ ಬೇರೆ ಡಬ್ಬಿಗೆ ಸರಿಸಿದ್ದರು, ನೆಂಟರಿಗೆ ಚೆನ್ನಾಗಿರುವುದು ಹೋಗಲಿ ಎಂದು. ಇಂಚರ ಅದನ್ನು ಕಂಡು ಅತ್ತಳು. ಮೊದಲಾಗಿದ್ದರೆ ನಳಿನಿ ಮಗಳನ್ನೇ ಗದರುತ್ತಿದ್ದರು. ಈ ಸಲ ಆ ಡಬ್ಬಿಯನ್ನು ಅವಳ ಕೈಗೇ ಕೊಟ್ಟು, ಯಾರಿಗೆ ಬೀರಬೇಕೋ ನೀನೇ ಆರಿಸು ಎಂದರಂತೆ. ಕಾವಲುಗಾರನಿಗೆ, ಕೆಳಗಿನ ಮನೆಯ ಗೆಳತಿಗೆ, ಹಾಲು ತರುವವನಿಗೆ ಚಿಗಳಿ ಸಂದಿತು. ಗೆಳತಿ ಇನ್ನೊಂದು ಬೇಕೆಂದು ಮೇಲೆ ಬಂದಳು. ಫೋಟೊ ಗುಂಪಿಗೆ ಹಾಕಲೇ ಎಂದು ತಾಯಿ ಕೇಳಿದ್ದಕ್ಕೆ ಇಂಚರ ಬೇಡ ಎಂದಳು, ಹಾಕಲಿಲ್ಲ.

ಚಿತ್ರ ಬರೆಯುವುದು ಇನ್ನೂ ಮೊದಲಿನಂತಾಗಿಲ್ಲ. ತಾಯಿ ಎದುರಿಗಿದ್ದರೆ ರಬ್ಬರ್ ಈಗಲೂ ಕೈಗೆ ಬರುತ್ತದೆ. ತರಗತಿಯ ಶಿಕ್ಷಕಿಗೆ ಕೊಡಲು ನಳಿನಿ ನನ್ನ ಸಹಾಯದಿಂದ ಒಂದು ಪತ್ರ ಬರೆದರು: ಇನ್ನು ಮುಂದೆ ಕೈಕೆಲಸವನ್ನು ಮಗಳು ಒಬ್ಬಳೇ ಮಾಡಿ ತರುತ್ತಾಳೆ, ಸೊಟ್ಟಗಿದ್ದರೆ ಸೊಟ್ಟಗೇ ಬರುತ್ತದೆ, ದಯವಿಟ್ಟು ಬೇರೆಯವರದರ ಜೊತೆ ಹೋಲಿಸಬೇಡಿ. ಸಾಧ್ಯವಾದರೆ ಇಂತಹವನ್ನು ಮನೆಗೆ ಕಳಿಸದೆ ತರಗತಿಯಲ್ಲೇ ಮಾಡಿಸಿ ಎಂಬ ಸಾಲನ್ನು ನಾನು ಸೇರಿಸಿದೆ. ಶಿಕ್ಷಕಿ ಎರಡನೆಯದಕ್ಕೆ ಒಪ್ಪಿದ್ದಾರೆ. ಫೆಬ್ರವರಿಯ ಭೇಟಿಗೆ ಮಗು ಬರುವುದು ಬೇಡ, ಅತ್ತೆ ಸೊಸೆ ಇಬ್ಬರೇ ಬನ್ನಿ ಎಂದಿದ್ದೇನೆ. ಅಡಕತ್ತರಿಯ ಮಾತು ಹಾಗೆಯೇ ಉಳಿದಿದೆ.